ಹಲಗೂರಿನತ್ತ ತಿರುಗದ ವಿಮರ್ಶೆ

ಮಂಟೇಸ್ವಾಮಿ ಕಾವ್ಯವನ್ನು ಹೊಗಳುವವರು ಕಲ್ಯಾಣದ ಬಾಗಿಲು ದಾಟುವುದೇ ಅಪರೂಪ. ತಳಸಮುದಾಯ ಮೇಲಿನವರ ಧರ್ಮಕ್ಕೆ ಕೊಟ್ಟ ಉತ್ತರ, ಪ್ರತಿಸಂಸ್ಕೃತಿಯ ಮಹಾಕಾವ್ಯ ಎಂಬ ಮಾತುಗಳು ಸವೆದು ಹೋಗಿವೆ. ನನಗೆ ಈ ಕಾವ್ಯ ಪ್ರಿಯ. ಆದ್ದರಿಂದಲೇ ಈ ಹೊಗಳಿಕೆ ಅದಕ್ಕೆ ಅನ್ಯಾಯ ಮಾಡುತ್ತಿದೆ ಎನ್ನುತ್ತೇನೆ.

ಕಲ್ಯಾಣದ ಭಾಗದ ಹಿರಿಮೆಯ ಬಗ್ಗೆ ತಕರಾರಿಲ್ಲ. ರೋಗ ಹಿಡಿದು ನಾರುವ ಮೈ, ಹೆಂಡದ ಗಡಿಗೆ. ಧರೆಗೆ ದೊಡ್ಡವರು ಎನಿಸಿಕೊಂಡ ಮಂಟೇಸ್ವಾಮಿ ಬಂದು ತಿಪ್ಪೆಯ ಮೇಲೆ ಕೂರುತ್ತಾರೆ. ಒಳಗೆ 1,96,000 ಶರಣರ ದಾಸೋಹ, ಎಲ್ಲರ ಹಣೆಯಲ್ಲೂ ವಿಭೂತಿ. ಅಷ್ಟು ದೊಡ್ಡ ಊರು ನಾತವೊಂದರ ಮುಂದೆ ಸೋಲುತ್ತದೆ. ಈ ಕಾವ್ಯವನ್ನು ಹಾಡುವ ನೀಲಗಾರ ಇಲ್ಲಿ ವಾದ ಹೂಡುವುದಿಲ್ಲ. ತಂಬೂರಿ ಮಿಡಿಯುತ್ತಲೇ ಕೊಳಕಿನ ವಿವರಗಳನ್ನು ಒಂದರ ಮೇಲೊಂದು ಪೇರಿಸುತ್ತಾನೆ. ಕೇಳುತ್ತ ಕೂತವರಿಗೂ ಹೇಸಿಗೆಯಾಗಬೇಕು, ಆಗುತ್ತದೆ. ಆದ ಕ್ಷಣವೇ ನಾವೂ ಬಾಗಿಲು ಕಾಯುವವರ ಸಾಲಿಗೆ ಸೇರಿಬಿಡುತ್ತೇವೆ. ಸಮಾನತೆ ಸಾರಿದ ಧರ್ಮದೊಳಗೂ ಮೇಲರಿಮೆ ಮೂಗಿನಲ್ಲಿ ಉಳಿದುಕೊಂಡಿರುತ್ತದೆ ಎಂದು ಇಷ್ಟು ನಿಷ್ಠುರವಾಗಿ ತೋರಿಸಿದ ಭಾಗ ಕನ್ನಡದಲ್ಲಿ ಇನ್ನೊಂದಿಲ್ಲ. ಗುರುವಿನ ಗುರುತು ಹಿಡಿಯುವವರು ಬಸವಣ್ಣ, ನೀಲಮ್ಮ. ಈ ಕಾವ್ಯವನ್ನು ಎತ್ತಿಕೊಂಡು ವಚನಗಳಿಗೆ ಬಾರಿಸುವವರು ಇದನ್ನು ಗಮನಿಸಬೇಕು.

ಆ ಮೂಗು ಇಂದಿಗೂ ಜೀವಂತ. ಈ ಪಂಥದ ಚಿಕ್ಕಲ್ಲೂರು ಜಾತ್ರೆಯಲ್ಲಿ ಬಿಡಾರ ಹೂಡಿ ಮಾಂಸ ಬೇಯಿಸಿ ಸಾಲಾಗಿ ಕೂತು ಉಣ್ಣುವ ಪಂಕ್ತಿಸೇವೆಗೆ 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯ ಹೆಸರಿನಲ್ಲಿ ಅಡ್ಡಗಾಲು ಹಾಕುತ್ತಿರುವುದನ್ನು ನೋಡಿದರೆ ಸಾಕು.

ಆದರೆ ಕಥೆ ಹಲಗೂರಿಗೂ ಹೋಗುತ್ತದೆ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಪಾಂಚಾಳರ ಮುಂದೆ ನಿಲ್ಲುತ್ತಾನೆ. ಅವರು ಇಲ್ಲವೆಂದು ಸುಳ್ಳು ಹೇಳುತ್ತಾರೆ, ವಿಷವಿಕ್ಕುತ್ತಾರೆ, ಆತ ಜೀರ್ಣಿಸಿಕೊಳ್ಳುತ್ತಾನೆ, ಅವರು ಹಾಳಾಗುತ್ತಾರೆ. ಕಲ್ಯಾಣಕ್ಕೆ ಗುರು ನಿರ್ಗತಿಕನ ವೇಷದಲ್ಲಿ ಬಂದಿದ್ದ. ಹಲಗೂರಿಗೆ ಶಿಷ್ಯ ಬರುವುದು ಪವಾಡದ ಬಲದೊಂದಿಗೆ. ಎದುರಿಗಿರುವವರು ಕುಲುಮೆ, ಅಡೆಗಲ್ಲು ನಂಬಿ ಬದುಕುವ ಕಸುಬುದಾರರು. ಇಲ್ಲಿ ಕೇಳುಗನಿಗೆ ಯಾವ ಪರೀಕ್ಷೆಯೂ ಇಲ್ಲ. ಮೊದಲಿನಿಂದಲೂ ಅವನು ಗೆಲ್ಲುವವರ ಪಕ್ಕದಲ್ಲೇ ಕೂತಿರುತ್ತಾನೆ. ಕಲ್ಯಾಣದಲ್ಲಿ ಮೇಲರಿಮೆಯನ್ನು ಬಯಲಿಗೆಳೆದ ಕಾವ್ಯ ಇಲ್ಲಿ ತನ್ನ ಪಂಥದ ಮೇಲರಿಮೆಯನ್ನು ಸ್ಥಾಪಿಸುತ್ತಿದೆ.

ಜನಪದರ ಕಲ್ಪನೆ, ಪವಾಡ ಸಹಜ ಎನ್ನುವ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ‘ಯುಗಾಂತ’ದಲ್ಲಿ ಇರಾವತಿ ಕರ್ವೆ ಖಾಂಡವದಹನವನ್ನು ಕ್ರೌರ್ಯವೆಂದು ಓದಿದಾಗ ನಾವು ತಲೆದೂಗಿದೆವು. ವ್ಯಾಸನಿಗೆ ಹಾಕಿದ ಪ್ರಶ್ನೆಯನ್ನು ನೀಲಗಾರನಿಗೆ ಏಕೆ ಹಾಕಬಾರದು? ಅವನು ಅಮಾಯಕ, ಅವನನ್ನು ವಿಮರ್ಶಿಸಬಾರದು ಎನ್ನುವ ಕೃಪೆಯಲ್ಲೇ ಓದುಬಲ್ಲವರ ಶ್ರೇಷ್ಠತೆ ಅಡಗಿದೆ. ದೇಸಿಯ ಪರವಾಗಿ ನಿಂತೆವೆಂದು ಹೇಳಿಕೊಳ್ಳುವ ನಮ್ಮ ವಿಮರ್ಶಕರು ಹಾಡುಗಾರನನ್ನು ಕವಿ ಎಂದು ಪೂರ್ತಿ ನಂಬಿಯೇ ಇಲ್ಲ. ನಂಬಿದ್ದರೆ ಅವನೊಂದಿಗೆ ಜಗಳವಾಡುತ್ತಿದ್ದರು.

ಜಗಳವಾಡಿದವರಿಗೆ ಕಾವ್ಯ ಕೊಡುವುದೂ ಹೆಚ್ಚು. ಸಿದ್ದಪ್ಪಾಜಿ ಮೊದಲು ಕೆಂಪಾಚಾರಿ, ಪಾಂಚಾಳರದೇ ಮಗ. ತಂದೆತಾಯಿ ಬಿಟ್ಟುಕೊಡಲು ಒಪ್ಪದ ಆ ಹುಡುಗನನ್ನು ಗುರು ಬಿಡದೆ ಪಡೆದ. ಪಡೆದ ಮೇಲೆ ಅವನ ಕುಲದವರ ಮುಂದೆಯೇ ಜೋಳಿಗೆ ಒಡ್ಡಲು ಕಳಿಸಿದ. ಹಲಗೂರಿನಲ್ಲಿ ಹಾಳಾಗುವುದು ಅವನ ಬಂಧುಬಳಗ. ಹಾಡು ಅವನ ಗೆಲುವನ್ನೇ ಎತ್ತಿ ಹಿಡಿದರೂ ಈ ನೆಂಟಸ್ತಿಕೆಯನ್ನು ಅಳಿಸಿಹಾಕಿಲ್ಲ. ಹಲಗೂರಿನ ಭಾಗವನ್ನು ಅಲ್ಲಿಂದ ಓದತೊಡಗಬೇಕು.