ಚುಕ್ಕಿಯ ಸುತ್ತ ಒಂದೇ ಎಳೆ

ಸೇರ್ವರಾಯನ್ ಬೆಟ್ಟದ ತಪ್ಪಲಿನ ಪಾಪಿರೆಡ್ಡಿಪಟ್ಟಿಯಲ್ಲಿ ಧನುರ್ಮಾಸದ ನಸುಕು. ಸಾರಿಸಿದ ಅಂಗಳ ಇನ್ನೂ ಹಸಿ. ಅಲ್ಲಿ ಹಿಟ್ಟಿನಲ್ಲಿ ಬಿಡಿಸುವ ಚಿತ್ರ ತಮಿಳು ಮನೆಯಲ್ಲಿ ಕೋಲಂ, ಕನ್ನಡ ಮನೆಯಲ್ಲಿ ರಂಗೋಲಿ. ಬಗ್ಗಿ ನಿಂತ ಹೆಂಗಸಿನ ಹೆಬ್ಬೆರಳು, ತೋರುಬೆರಳ ನಡುವಿನಿಂದ ಹಿಟ್ಟು ಜಾರುತ್ತದೆ. ಕೈ ನಿಧಾನಿಸಿದರೆ ಎಳೆ ದಪ್ಪ, ಆತುರಪಟ್ಟರೆ ತುಂಡು. ಆ ಬೆರಳುಗಳನ್ನು ಎಷ್ಟು ನೋಡಿದರೂ ನನಗೆ ಸಾಲದು.

ಮೂರು ಸಾಲು, ಸಾಲಿಗೆ ನಾಲ್ಕು ಚುಕ್ಕಿ ಇಟ್ಟು ಎಳೆಯನ್ನು ಓರೆಯಾಗಿ ಹೆಣೆಯುತ್ತ, ಅಂಚಿನಲ್ಲಿ ತಿರುಗಿಸುತ್ತ ಹೋಗಿ. ಎಲ್ಲ ಚುಕ್ಕಿಗಳನ್ನೂ ಬಳಸಿ ಅದು ಹೊರಟಲ್ಲಿಗೇ ಬರುತ್ತದೆ. ಮೂರಕ್ಕೆ ಮೂರು ಇಟ್ಟರೆ ಹಾಗಾಗದು, ಮೂರು ಎಳೆ ಬೇಕು. ನಾಲ್ಕಕ್ಕೆ ಆರಾದರೆ ಎರಡು. ಶಾಲೆಯಲ್ಲಿ ಕಲಿತ ಮ.ಸಾ.ಅ. ಇದೇ! ಸಾಲು ಮತ್ತು ಸಾಲೊಂದರ ಚುಕ್ಕಿಗಳ ಮಹತ್ತಮ ಸಾಮಾನ್ಯ ಅಪವರ್ತನ ಎಷ್ಟೋ ಅಷ್ಟೇ ಎಳೆ. ಅಂಗಳದಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ, ಯಾವ ಲೆಕ್ಕ ಕೂಡುತ್ತದೆಂದು ಕೈಗೆ ಗೊತ್ತು.

ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಅವರು ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಜೊತೆ 1974ರಲ್ಲಿ ಕೋಲಂ ಕುರಿತು ಪ್ರಬಂಧ ಪ್ರಕಟಿಸಿದರು. ವಾಕ್ಯಕ್ಕೆ ವ್ಯಾಕರಣವಿರುವಂತೆ ಈ ಚಿತ್ರಗಳಿಗೂ ಇದೆ, ಕೆಲವೇ ನಿಯಮಗಳಿಂದ ಅವು ಬೆಳೆಯುತ್ತವೆ ಎಂದು ತೋರಿಸಿದರು. ಕಂಪ್ಯೂಟರ್ ವಿಜ್ಞಾನ ಹೊಸ್ತಿಲ ಮುಂದೆ ಕೂತು ಪಾಠ ಕಲಿತ ಆ ಗಳಿಗೆ ನನಗೆ ಬಹಳ ಪ್ರಿಯ.

ಬಿಸಿಲೇರುವ ಹೊತ್ತಿಗೆ ಅಕ್ಕಿಹಿಟ್ಟಿಗೆ ಇರುವೆ ಮುತ್ತಿರುತ್ತವೆ. ಒಳಗೆ ಅತ್ತೆ ಸೊಸೆ ಮಾತಾಡುತ್ತಿರುತ್ತಾರೆ: ನಾಳೆಗೆ ಏಳು ಚುಕ್ಕಿಯೋ, ಒಂಬತ್ತೋ?