ಬಾವುಟದ ಅಳತೆ

ಹಳೆಯ ಬಾವುಟ ಕಂಡರೆ ಎಲ್ಲರೂ ಮೊದಲು ಬಣ್ಣ ನೋಡುತ್ತಾರೆ. ನನಗೆ ಅಳತೆ ನೋಡುವ ಚಟ. ಬ್ರಿಟಿಷ್ ಕಾಲಾಳುಗಳ ‘ಕಲರ್ಸ್’ ಎಂಬ ಬಾವುಟಗಳ ವಿಷಯದಲ್ಲಂತೂ ಅಡಿಪಟ್ಟಿಯೇ ಅರ್ಧ ಚರಿತ್ರೆ ಹೇಳಿಬಿಡುತ್ತದೆ.

ಹದಿನೆಂಟನೇ ಶತಮಾನದ ಕೊನೆಗೆ ಅದು ಆರೂವರೆ ಅಡಿ ಉದ್ದ, ಆರಡಿ ಅಗಲದ ರೇಷ್ಮೆ. ಕೋಲು ಹತ್ತಡಿಗೆ ಎರಡೇ ಇಂಚು ಕಡಿಮೆ. ಬೆಟಾಲಿಯನ್‌ಗೊಂದು ಜೋಡಿ: ಒಂದು ದೊರೆಯದು, ಇನ್ನೊಂದು ರೆಜಿಮೆಂಟಿನದು. ಹೊರುತ್ತಿದ್ದವರು ಎನ್‌ಸೈನ್ ಎಂಬ ಕಿರಿಯ ಅಧಿಕಾರಿಗಳು, ಎಷ್ಟೋ ಸಲ ಮೀಸೆ ಮೂಡದ ಹುಡುಗರು. ಗಾಳಿ ಬೀಸಿದರೆ ದೋಣಿಯ ಹಾಯಿಯನ್ನೇ ಹಿಡಿದು ನಿಂತ ಪಾಡು. ಅಷ್ಟು ದೊಡ್ಡದೇಕೆ? ಮದ್ದಿನ ಹೊಗೆ ಕವಿದಾಗ ಸಿಪಾಯಿಗೆ ತನ್ನ ಸಾಲು ಎಲ್ಲಿದೆಯೆಂದು ಕಾಣಬೇಕಿತ್ತು. ಶತ್ರುವಿಗೂ ಕಾಣುತ್ತಿತ್ತು. 1813ರಿಂದ ಕಾವಲಿಗೆ ಕಲರ್ ಸಾರ್ಜೆಂಟರು ಬಂದರು.

1858ರಲ್ಲಿ ಅಳತೆ ನಾಲ್ಕಡಿಗೆ ಮೂರೂವರೆ ಅಡಿಯಾಯಿತು. 1868ರಲ್ಲಿ ಮೂರೂಮುಕ್ಕಾಲಕ್ಕೆ ಮೂರು. ಬಟ್ಟೆ ಕುಗ್ಗಿತು, ಅದರ ಮೇಲಿನ ಗೆಲುವುಗಳ ಹೆಸರು ಹೆಚ್ಚಿತು. 33ನೇ, 74ನೇ ರೆಜಿಮೆಂಟುಗಳ ಗೌರವಪಟ್ಟಿಯಲ್ಲಿ ‘ಸೆರಿಂಗಪಟಂ’ ಇದೆ. 1799ರ ನಮ್ಮ ಶ್ರೀರಂಗಪಟ್ಟಣವೇ ಅದು.

1879ರ ಜನವರಿ 22. ದಕ್ಷಿಣ ಆಫ್ರಿಕಾದ ಇಸಾಂಡ್ಲ್ವಾನಾದಲ್ಲಿ ಜುಲೂಗಳು 24ನೇ ರೆಜಿಮೆಂಟಿನ ದಂಡನ್ನು ಅಳಿಸಿಹಾಕಿದರು. ಲೆಫ್ಟಿನೆಂಟ್ ಮೆಲ್ವಿಲ್ ರಾಣಿಯ ಬಾವುಟ ಹಿಡಿದು ಕುದುರೆಯೇರಿ ಓಡಿದ. ತುಂಬಿ ಹರಿಯುತ್ತಿದ್ದ ಬಫಲೊ ನದಿ ಬಾವುಟವನ್ನು ಸೆಳೆದುಕೊಂಡಿತು. ಆಚೆ ದಡ ಮುಟ್ಟಿದ್ದ ಅದೇ ರೆಜಿಮೆಂಟಿನ ಕಾಗ್‌ಹಿಲ್ ಅವನಿಗಾಗಿ ಮತ್ತೆ ನೀರಿಗಿಳಿದ. ಇಬ್ಬರೂ ಉಳಿಯಲಿಲ್ಲ. ಎರಡು ವಾರದೊಳಗೆ ಬಾವುಟ ನದಿಯಲ್ಲೇ ಸಿಕ್ಕಿತು. ಆಮೇಲೆ ಅದು ವೇಲ್ಸ್‌ನ ಬ್ರೆಕನ್ ಕತೀಡ್ರಲ್ ಸೇರಿತು. ಅವರಿಬ್ಬರಿಗೆ ವಿಕ್ಟೋರಿಯಾ ಕ್ರಾಸ್ ಬಂದದ್ದು 1907ರಲ್ಲಿ.

ಎರಡು ವರ್ಷದ ನಂತರ, 1881ರ ಜನವರಿ 28ರಂದು, ದಕ್ಷಿಣ ಆಫ್ರಿಕಾದಲ್ಲೇ, ಲೇಂಗ್ಸ್ ನೆಕ್‌ನ ಏರಿನಲ್ಲಿ 58ನೇ ರೆಜಿಮೆಂಟು ಬೋಯರರ ರೈಫಲ್‌ಗಳಿಗೆ ಎದೆಯೊಡ್ಡಿ ಹತ್ತಿತು, ಬಾವುಟ ಎತ್ತಿಕೊಂಡೇ. ಗುಂಡು ದೂರ ಹಾರಿ ಗುರಿ ಮುಟ್ಟುವ ಕಾಲದಲ್ಲಿ ಮೂರಡಿ ಬಟ್ಟೆಯೂ ದೊಡ್ಡದೇ. ಬಾವುಟ ಹೊತ್ತಿದ್ದ ಬೇಯ್ಲಿ ಉರುಳಿದ. ಹಿಮ್ಮೆಟ್ಟಲು ಆಜ್ಞೆಯಾದ ಮೇಲೂ ಲೆಫ್ಟಿನೆಂಟ್ ಹಿಲ್ ಹಿಂದೆ ಉಳಿದು ಅವನನ್ನು ಎತ್ತಿಕೊಂಡ. ತೋಳಲ್ಲಿದ್ದಾಗಲೇ ಬೇಯ್ಲಿಗೆ ಇನ್ನೊಂದು ಗುಂಡು ಬಿತ್ತು.

ಹಿಲ್‌ಗೂ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಅವನು ಎತ್ತಿಕೊಂಡದ್ದು ಬಾವುಟವನ್ನಲ್ಲ, ಬಾವುಟ ಹೊತ್ತವನನ್ನು. ಬ್ರಿಟಿಷ್ ದಂಡು ಕಲರ್ಸ್ ಹೊತ್ತು ಕಾದಿದ್ದು ಅದೇ ಕೊನೆ.