‘ಬೂಟೆಡ್’ ಪದದ ‘-ಎಡ್’: ಕೃತ್ತೋ, ತದ್ಧಿತವೋ?

ಇಂಗ್ಲಿಷಿನ ‘ಬೂಟೆಡ್’ ಪದಕ್ಕೆ ‘ಬೂಟು ಧರಿಸಿದ’ ಎಂದು ಅರ್ಥ ಹೇಳುವುದು ರೂಢಿ. ಸರಳವಾಗಿ ಕಾಣುವ ಈ ಅರ್ಥನಿರೂಪಣೆಯಲ್ಲಿ ಒಂದು ವ್ಯಾಕರಣ ನಿರ್ಣಯ ಅಡಗಿದೆ: ಧರಿಸುವ ಕ್ರಿಯೆ ಪದದ ಒಳಗೇ ಇದೆ, ‘-ಎಡ್’ ಭೂತಕೃದಂತದ ಪ್ರತ್ಯಯ. ಈ ನಿರ್ಣಯ ನಿಲ್ಲುವುದಿಲ್ಲವೆಂಬುದು ಪ್ರಸ್ತುತ ಟಿಪ್ಪಣಿಯ ವಾದ.

ಪಾದರಕ್ಷೆಯ ಹೆಸರಾದ ‘ಬೂಟ್’ ಹಳೆಯ ಫ್ರೆಂಚಿನಿಂದ ಮಧ್ಯಕಾಲೀನ ಇಂಗ್ಲಿಷಿಗೆ ಬಂದುದು. ನಿಷ್ಫಲ ಎಂಬರ್ಥದ ‘ಬೂಟ್‌ಲೆಸ್’ನಲ್ಲಿರುವುದು ಬೇರೆಯೇ ಪದ, ಪರಿಹಾರ, ಲಾಭ ಎಂಬರ್ಥದ ಹಳೆಯ ಇಂಗ್ಲಿಷಿನ ‘ಬೋಟ್’. ಷೇಕ್ಸ್‌ಪಿಯರ್ ‘ನಾಲ್ಕನೆಯ ಹೆನ್ರಿ’ಯ ಮೊದಲ ಭಾಗದಲ್ಲಿ ಹಾಟ್‌ಸ್ಪರ್‌ನ ಬಾಯಲ್ಲಿ ಈ ಎರಡರ ಶ್ಲೇಷೆಯನ್ನು ಆಡಿಸಿದ್ದಾನೆ. ಪ್ರತ್ಯಯದ ಕಥೆಯೂ ಇಂಥದೇ. ನಾಮಪದಕ್ಕೆ ಹತ್ತುವ ಪ್ರತ್ಯಯ ಹಳೆಯ ಇಂಗ್ಲಿಷಿನಲ್ಲಿ ‘-ಎದೆ’ ಎಂದಿದ್ದು, ಕೃದಂತದ ಪ್ರತ್ಯಯದಿಂದ ಭಿನ್ನವಾಗಿತ್ತು. ಮುಂದೆ ಇವೆರಡರ ರೂಪ ಒಂದಾಯಿತು. ಆಕ್ಸ್‌ಫರ್ಡ್ ನಿಘಂಟು ಇವನ್ನು ಎರಡು ಪ್ರತ್ಯಯಗಳೆಂದೇ ದಾಖಲಿಸುತ್ತದೆ. ಆದರೆ ಗ್ರೇ ಕವಿಯ ಜೀವನಚರಿತ್ರೆಯಲ್ಲಿ ಜಾನ್ಸನ್ ‘ಡೈಸೀಡ್’ನಂಥ ರೂಪಗಳನ್ನು ಆಕ್ಷೇಪಿಸಿದ್ದು, ನಾಮಪದಕ್ಕೆ ಕೃದಂತದ ಅಂತ್ಯ ತೊಡಿಸಲಾಗಿದೆ ಎಂದೇ.

‘ಬೂಟು ಹಾಕು’ ಎಂಬರ್ಥದ ಕ್ರಿಯಾಪದವೂ ಇಂಗ್ಲಿಷಿನಲ್ಲಿದೆಯಲ್ಲ ಎಂಬ ಆಕ್ಷೇಪ ಏಳಬಹುದು. ‘ಹೆವಿ-ಬೂಟೆಡ್’ ಇದಕ್ಕೆ ಉತ್ತರ. ‘ಹೆವಿ-ಬೂಟ್’ ಎಂಬ ಕ್ರಿಯಾಪದವಿಲ್ಲ; ಪ್ರತ್ಯಯ ಹತ್ತಿರುವುದು ‘ಭಾರವಾದ ಬೂಟು’ ಎಂಬ ನಾಮಪದಗುಚ್ಛಕ್ಕೇ. ‘ಬೂಟೆಡ್ ಈಗಲ್’ ಇನ್ನೂ ಸ್ಪಷ್ಟ. ಚಳಿಗಾಲದಲ್ಲಿ ಕರ್ನಾಟಕಕ್ಕೂ ಬರುವ ಈ ಹದ್ದು ಏನನ್ನೂ ಧರಿಸಿಲ್ಲ. ಅದರ ಕಾಲಿನ ಮೇಲೆ ಬೆರಳಿನವರೆಗೆ ಗರಿಗಳಿವೆ, ಅಷ್ಟೆ.

1970ರ ದಶಕದಲ್ಲಿ ‘ಜರ್ನಲ್ ಆಫ್ ಲಿಂಗ್ವಿಸ್ಟಿಕ್ಸ್’ನಲ್ಲಿ ಹರ್ಟಲ್, ಹಡ್ಸನ್, ಯುಂಗ್ ಮೊದಲಾದವರು ಇಂಥ ವಿಶೇಷಣಗಳನ್ನು ಚರ್ಚಿಸಿದರು. ಅಲ್ಲಿ ಮುಂದಾದ ಅವಿಭಾಜ್ಯ ಸಂಬಂಧದ ಕಲ್ಪನೆ ‘ಹಾರ್ನ್ಡ್’ಗೆ ಒಪ್ಪುತ್ತದೆ, ಆದರೆ ಬೂಟು ಕಳಚಬಹುದಾದ ವಸ್ತು. ಕಪಾಟಿನಲ್ಲಿ ಹತ್ತು ಜೊತೆ ಬೂಟುಗಳಿದ್ದರೂ ಬರಿಗಾಲಲ್ಲಿ ನಿಂತವನು ‘ಬೂಟೆಡ್’ ಆಗಲಾರ. ಆದ್ದರಿಂದ ಬೇಕಾದುದು ಒಡೆತನವಲ್ಲ, ಬೇರ್ಪಡದಿರುವಿಕೆಯೂ ಅಲ್ಲ. ಉಕ್ತಿಯ ಕಾಲದಲ್ಲಿ ಆ ವಸ್ತು ವಿಶೇಷ್ಯದ ಆಕಾರದ ಅಂಗವಾಗಿ ತೋರುವುದು. ಮನುಷ್ಯನ ವಿಷಯದಲ್ಲಿ ಇದು ಧರಿಸುವುದರಿಂದ ಸಾಧ್ಯ, ಹದ್ದಿನ ವಿಷಯದಲ್ಲಿ ಗರಿಯಿಂದ. ‘ಧರಿಸಿದ’ ಎಂಬುದು ಹೀಗೆ ಸಂದರ್ಭದಿಂದ ಸಿದ್ಧಿಸುವ ಅರ್ಥ.

ಪಾಣಿನಿ ಈ ಗೊಂದಲಕ್ಕೆ ಎಡೆಗೊಟ್ಟಿಲ್ಲ. ‘ತಾರಕಿತ’, ‘ಪುಷ್ಪಿತ’ಗಳ ‘ಇತ’ ನೋಡಲು ಕೃದಂತದಂತಿದ್ದರೂ ಅದನ್ನು 5.2.36ರಲ್ಲಿ ತದ್ಧಿತವೆಂದೇ ವಿಧಿಸಿದ್ದಾನೆ. ಅಲ್ಲಿಯ ಅರ್ಥ ‘ಇದರಲ್ಲಿ ಅದು ಹುಟ್ಟಿದೆ’ ಎಂಬುದಾದ್ದರಿಂದ ‘ಬೂಟೆಡ್’ಗೆ ಅರ್ಥದಲ್ಲಿ ಹತ್ತಿರವಾದುದು ‘ಮತುಪ್’. ರೂಪದ ಪಾಠವನ್ನು ಮಾತ್ರ ‘ಇತಚ್’ ಕಲಿಸುತ್ತದೆ.

ದ್ವಿಭಾಷಾ ನಿಘಂಟುಕಾರರಿಗೆ ಇದರ ಫಲ ನೇರವಾದುದು. ‘ಬೂಟು ಧರಿಸಿದ’ ಎಂಬುದು ಒಂದು ಪ್ರಯೋಗದ ಅನುವಾದ. ‘ಬೂಟುಗಾಲಿನ’ ಎಂಬುದು ಪದರಚನೆಯ ಅನುವಾದ. ಕನ್ನಡದ ಬಹುವ್ರೀಹಿ ಕ್ರಿಯೆಯ ಹಂಗಿಲ್ಲದೆ ಸೈನಿಕನನ್ನೂ ಹದ್ದನ್ನೂ ಒಂದೇ ಪದದಲ್ಲಿ ಹಿಡಿಯಬಲ್ಲುದು. ಮುಖ್ಯಾರ್ಥದ ಸ್ಥಾನ ಅದಕ್ಕೇ ಸಲ್ಲಬೇಕು.